ಕುಂಕುಮ ಹತ್ತಿದ ಹತ್ತು ದಿನಾರು

ಕಳೆದ ವಾರ ಬೀರು ತೆಗೆದು ಹಳೆಯ ರೇಷ್ಮೆ ಸೀರೆಗಳನ್ನು ಗಾಳಿಗೆ ಹರವುತ್ತಿದ್ದೆ. ಒಂದು ಸೀರೆಯ ಮಡಿಕೆಯಿಂದ ನುಸಿಗುಳಿಗೆಯ ಜೊತೆಗೆ ಕುಂಕುಮದ ವಾಸನೆಯೂ ಬಂತು. ಬಿಡಿಸಿದರೆ ಅರಬ್ಬಿ ಅಕ್ಷರದ ಒಂದು ನೋಟು. ಹತ್ತು ದಿನಾರು. ನಡುಮಧ್ಯೆ ಕೆಂಪು ಹೆಬ್ಬೆಟ್ಟಿನ ಗುರುತು. ಆ ಹೆಬ್ಬೆಟ್ಟು ನನ್ನದೇ...

ಚಳ್ಳಕೆರೆಯಲ್ಲಿ ಪಿಯುಸಿ ಕಾಮರ್ಸ್ ಮುಗಿಸಿ ನಾನು ಮೊಳಕಾಲ್ಮೂರಿಗೆ ಸೊಸೆಯಾಗಿ ಬಂದಿದ್ದು 1990ರಲ್ಲಿ. ಅದೇ ವರ್ಷ ಎದುರು ಮನೆಯ ಅಕ್ಕ ಕುವೈತಿನಿಂದ ಉಟ್ಟ ಬಟ್ಟೆಯಲ್ಲೇ ವಾಪಸ್ಸಾದಳು. ಅವಳ ಗಂಡ ಬೇರೆಯವರ ಮಗ್ಗದಲ್ಲಿ ಕೂಲಿಗೆ ನೇಯುತ್ತಿದ್ದ. ಸ್ವಂತಕ್ಕೊಂದು ಮಗ್ಗ ಹಾಕಬೇಕೆಂಬ ಒಂದೇ ಆಸೆಗೆ ಅವಳು ಆಂಧ್ರದ ಕಡೆಯ ಹೆಂಗಸರ ಜೊತೆ ಹೋಗಿ, ಮೂರು ವರ್ಷ ಅಲ್ಲಿ ಮನೆಗೆಲಸ ಮಾಡಿದ್ದಳು. ಇರಾಕಿನ ಸೈನ್ಯ ನುಗ್ಗಿದಾಗ ಲಂಗದ ಅಂಚಿಗೆ ಹತ್ತು ದಿನಾರಿನ ಮೂವತ್ತು ನೋಟು ಹೊಲಿದುಕೊಂಡು, ಮರಳುಗಾಡು ದಾಟಿ ಬಂದಿದ್ದಳು.

ಯುದ್ಧಕ್ಕೆ ಮುಂಚೆ ಒಂದು ದಿನಾರಿಗೆ ನಮ್ಮ ಅರವತ್ತು ರೂಪಾಯಿ ಬರುತ್ತಿತ್ತು. ಈಗ ಅದನ್ನು ಯಾವ ಬ್ಯಾಂಕೂ ಮುಟ್ಟುತ್ತಿರಲಿಲ್ಲ. ರೇಷ್ಮೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ನಮ್ಮ ಮಾವ ಅಲ್ಲಿಯ ಇಂಗ್ಲಿಷ್ ಪೇಪರನ್ನು ಮರುದಿನ ಮನೆಗೆ ತರುತ್ತಿದ್ದರು. ಅದರ ಒಂದು ಮೂಲೆಯಲ್ಲಿ ದೇಶದೇಶಗಳ ಹಣದ ದರ ಇರುತ್ತಿತ್ತು. ಅಕ್ಕ ದಿನಾ ಬೆಳಿಗ್ಗೆ ಕಸಬರಿಕೆ ಹಿಡಿದೇ ನಮ್ಮ ಕಟ್ಟೆಗೆ ಬರುತ್ತಿದ್ದಳು.

"ಇವತ್ತು ಎಷ್ಟೈತೆ ನೋಡವ್ವಾ?"

"ಬರೀ ಗೀಟು ಐತಕ್ಕಾ."

ದಿನಾರಿನ ಎದುರು ಅಂಕಿ ಇರಬೇಕಾದ ಕಡೆ ತಿಂಗಳುಗಟ್ಟಲೆ ಗೀಟೇ ಇತ್ತು.

ಸುದ್ದಿ ಹರಡಿ ಚಳ್ಳಕೆರೆ ಪೇಟೆಯಿಂದ ಒಬ್ಬ ದಲಾಲಿ ಬಂದ. "ಅಮ್ಮಾ, ಇದು ಈಗ ಖಾಲಿ ಕಾಗಜ್. ದಿನಾರಿಗೆ ಹತ್ತು ರೂಪಾಯಿ ಕೊಡ್ತೀನಿ, ಖುಷಿಯಾಗಿ ಇಸ್ಕೊಳ್ರಿ" ಅಂದ. ಗಂಡ ಕೊಟ್ಟುಬಿಡು ಎಂದು ಗೋಗರೆದ. ಅಕ್ಕ ಜಪ್ಪಯ್ಯ ಅನ್ನಲಿಲ್ಲ. "ಆ ಊರು ಎಲ್ಲಿಗೆ ಹೋಗ್ತತೆ? ಮರಳೆಲ್ಲ ಹೊತ್ಕೊಂಡು ಹೋಗಾಕಾಗ್ತತಾ?" ಎಂದು ಅವನಿಗೆ ಚಾ ಕುಡಿಸಿ ಕಳಿಸಿದಳು.

ಆ ದೀಪಾವಳಿಯ ಲಕ್ಷ್ಮೀಪೂಜೆಗೆ ಅವೇ ನೋಟುಗಳನ್ನು ತಟ್ಟೆಯಲ್ಲಿಟ್ಟಳು. ಸತ್ತ ನೋಟಿಗೆ ಪೂಜೆಯಂತೆ ಎಂದು ಓಣಿಯೆಲ್ಲ ನಕ್ಕಿತು. ಅವಳು ನನ್ನನ್ನು ಕರೆದು, "ಓದಿದೋಳು ನೀನು, ಕುಂಕುಮ ನೀನೇ ಇಡವ್ವಾ" ಅಂದಳು. ನಾನು ಹಸಿ ಕುಂಕುಮದಲ್ಲಿ ಹೆಬ್ಬೆಟ್ಟು ಅದ್ದಿ ಮೇಲಿನ ನೋಟಿಗೆ ಒತ್ತಿದೆ. ಭಕ್ತಿ ಹೆಚ್ಚಾಗಿ ಜೋರಾಗಿಯೇ ಒತ್ತಿದೆ.

ಮುಂದಿನ ವರ್ಷ ಯುದ್ಧ ಮುಗಿಯಿತು. ಕುವೈತಿನಲ್ಲಿ ಹೊಸ ನೋಟುಗಳು ಬಂದಿವೆ, ಗಡುವಿನೊಳಗೆ ಬದಲಿಸಿಕೊಳ್ಳದಿದ್ದರೆ ಹಳೆಯವು ರದ್ದು ಎಂದು ಪೇಪರಿನಲ್ಲಿ ಓದಿ ಹೇಳಿದೆ. ಅವಳು ಕಸಬರಿಕೆಯನ್ನು ಅಲ್ಲೇ ಬಿಟ್ಟು ಮನೆಗೆ ಓಡಿದ್ದನ್ನು ನೋಡಿದ್ದು ಅದೊಂದೇ ಸಲ. ರಾಯದುರ್ಗದ ಒಬ್ಬ ಡ್ರೈವರ್ ಮತ್ತೆ ಅಲ್ಲಿಗೆ ಹೊರಟಿದ್ದ. ಮೂವತ್ತು ನೋಟನ್ನೂ ಅವನ ಕೈಗೆ ಹಾಕಿದಳು. ಒಂದು ಚೀಟಿಯನ್ನಾದರೂ ಬರೆಸಿಕೋ ಅಂದೆ.

"ಮರಳುಗಾಡಲ್ಲಿ ಅವನ ಬಸ್ಸಲ್ಲೇ ಕುಂತು ಬಂದಿದ್ದು ನಾನು. ಒಂದು ಬಾಟ್ಲಿ ನೀರನ್ನ ಹನ್ನೆರಡು ಜನಕ್ಕೆ ಹಂಚಿದೋನು. ಅವನ ಹತ್ರ ಚೀಟಿನಾ?"

ಆಮೇಲೆ ಕಾಯುವುದಷ್ಟೇ ಉಳಿಯಿತು. ಈ ನಡುವೆ ನಮ್ಮ ಸರ್ಕಾರ ರೂಪಾಯಿಯ ಬೆಲೆ ಇಳಿಸಿತು. ಅಂಗಡಿ ಕಟ್ಟೆಗಳಲ್ಲೆಲ್ಲ ಅದೇ ಗೊಣಗಾಟ. ಒಂದು ಬೆಳಿಗ್ಗೆ ಪೇಪರ್ ಬಿಡಿಸಿದರೆ ದಿನಾರಿನ ಎದುರು ಗೀಟಿನ ಜಾಗದಲ್ಲಿ ಅಂಕಿ ಬಂದಿತ್ತು. ಬೆರಳಿಟ್ಟು ಎರಡು ಸಲ ಓದಿದೆ. ಸೆರಗು ಜಾರಿದ್ದೂ ಗೊತ್ತಾಗದೆ ಬೀದಿ ದಾಟಿ ಓಡಿದೆ.

"ಅಕ್ಕಾ, ತೊಂಬತ್ತರ ಹತ್ರ ಐತೆ!"

ಅವಳು ಕುಣಿದಾಡಲಿಲ್ಲ. "ದಿನಾರು ದೊಡ್ಡದಾಯ್ತಾ, ನಮ್ಮ ರೂಪಾಯಿ ಸಣ್ಣದಾಯ್ತಾ?" ಎಂದು ಕೇಳಿದಳು.

ಎರಡು ವರ್ಷ ಕಾಮರ್ಸ್ ಓದಿದ ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದ ಆ ಹೆಂಗಸಿನ ಮುಂದೆ ನಾನು ಎಷ್ಟು ಚಿಕ್ಕವಳು ಅನ್ನಿಸಿತು. ಆ ಬೆರಗು ಇವತ್ತಿಗೂ ಇಳಿದಿಲ್ಲ.

ಡ್ರೈವರ್ ಮಾತು ತಪ್ಪಲಿಲ್ಲ. ನೋಟು ಬದಲಿಸಿ ಬ್ಯಾಂಕಿನ ಡಿಡಿ ಕಳಿಸಿದ. ಆದರೆ ಲಕೋಟೆಯಲ್ಲಿ ಒಂದು ನೋಟೂ ವಾಪಸ್ ಬಂದಿತ್ತು. ಬಣ್ಣ ಹತ್ತಿದೆಯೆಂದು ಅದನ್ನು ಅಲ್ಲಿ ತೆಗೆದುಕೊಳ್ಳಲಿಲ್ಲವಂತೆ. ಅಷ್ಟರಲ್ಲಿ ಗಡುವೂ ಮುಗಿದಿತ್ತು. ನನ್ನ ಒಂದು ಹೆಬ್ಬೆಟ್ಟಿನಿಂದ ಅವಳಿಗೆ ಒಂಬೈನೂರು ರೂಪಾಯಿ ಹೋಗಿತ್ತು! ಆಗ ಅದು ನಮ್ಮ ಮನೆಯ ಒಂದು ತಿಂಗಳ ಖರ್ಚು. ನಾನು ಅತ್ತುಬಿಟ್ಟೆ.

ಅವಳು ನಕ್ಕಳು. "ಅಳ್ತೀಯಲ್ಲೇ ಹುಚ್ಚಿ. ಇಪ್ಪತ್ತೊಂಬತ್ತು ದುಡಿಯಾಕೆ ಹೋದ್ವು. ಪೂಜೆ ಮಾಡಿಸ್ಕೊಂಡಿದ್ದು ಮನೆಗೆ ಬಂತು."

ಸ್ವಂತ ಮಗ್ಗ ಹಾಕಲು ಕುಣಿ ತೋಡಿದ ದಿನ ಆ ನೋಟನ್ನು ನನ್ನ ಕೈಗಿಟ್ಟು ಮುಷ್ಟಿ ಮುಚ್ಚಿಸಿದಳು. ಮುಂದೆ ವರ್ಷಗಟ್ಟಲೆ ಬೆಳಿಗ್ಗೆ ನಾನು ಪೇಪರ್ ಬಿಡಿಸುವ ಹೊತ್ತಿಗೆ ಆ ಮಗ್ಗದ ಸದ್ದು ಕೇಳುತ್ತಿತ್ತು. ದಿನಾರಿನ ಸಂಬಂಧ ಮುಗಿದಿದ್ದರೂ ಅವಳು ದರ ಕೇಳುವುದನ್ನು ಮಾತ್ರ ಬಿಡಲಿಲ್ಲ...

ಅಕ್ಕ ತೀರಿಹೋಗಿ ಮೂರು ವರ್ಷವಾಯಿತು. ಮಗ್ಗವೂ ನಿಂತಿದೆ. ಸೀರೆಗಳನ್ನು ಹಾಗೇ ಬಿಟ್ಟು ಮೊಬೈಲಿನಲ್ಲಿ ದರ ನೋಡಿದೆ. ದಿನಾರು ಇನ್ನೂರೈವತ್ತು ದಾಟಿ ಎಷ್ಟೋ ಕಾಲವಾಗಿದೆ. ಎದ್ದು ಹೊಸ್ತಿಲವರೆಗೆ ಹೋದೆ. ಎದುರು ಮನೆಯ ಬೀಗ ನೋಡಿ ನಿಂತೆ. ದೊಡ್ಡದಾಗಿದ್ದು ಯಾವುದು, ಸಣ್ಣದಾಗಿದ್ದು ಯಾವುದು ಎಂದು ಕೇಳುವವರಿಲ್ಲದೆ ಆ ಅಂಕಿಯನ್ನು ಇಟ್ಟುಕೊಂಡು ನಾನೇನು ಮಾಡಲಿ?

ನೋಟಿನ ಮೇಲಿನ ಗುರುತಿಗೆ ಹೆಬ್ಬೆಟ್ಟು ಇಟ್ಟು ನೋಡಿದೆ. ನನ್ನ ಬೆರಳು ಈಗ ದಪ್ಪಗಾಗಿದೆ. ಗುರುತು ಪೂರ್ತಿ ಮುಚ್ಚಿಹೋಯಿತು.