ಕೊನೆಯಣ್ಣನ ಹಿಂದೆ ಯಾರೂ ಇಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊಳೆ ಪಕ್ಕದ ರಸ್ತೆಯಲ್ಲಿ ಒಬ್ಬರು ಓಡುತ್ತಿದ್ದಾರೆ. ಓಡುತ್ತಿದ್ದಾರೆ ಎಂದು ಬರೆಯಲು ಕೈ ಸ್ವಲ್ಪ ತಡೆಯುತ್ತದೆ. ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನವನು ಆರಾಮವಾಗಿ ಪೆಡಲು ತುಳಿಯುತ್ತಲೇ ಅವರನ್ನು ದಾಟಿ ಹೋಗುತ್ತಾನೆ. ನಾಯಿ ಹಿಡಿದುಕೊಂಡು ಬಂದ ಹೆಂಗಸೊಬ್ಬರು ಬಿರುಸಾಗಿ ನಡೆದೇ ಅವರ ಸಮಕ್ಕೆ ಬರುತ್ತಾರೆ. ತಲೆಗೆ ಉಣ್ಣೆ ಟೋಪಿ, ಕೈಗೆ ಗವಸು, ಬೆನ್ನಿಗೆ ಒಂದು ಚೀಲ. ಉಸಿರು ಬಿಟ್ಟಾಗಲೆಲ್ಲ ಮುಖದ ಮುಂದೆ ಹೊಗೆ. ಏರು ಬಂದರೂ ಅದೇ ಓಟ, ಇಳಿಜಾರು ಬಂದರೂ ಅದೇ ಓಟ.

"ಜೋರಾಗಿ ಓಡೋದು ಸುಲಭ. ದಮ್ಮು ಇರೋ ತನಕ ಓಡು, ಮುಗೀತು," ಎನ್ನುತ್ತಾರೆ ಅವರು, ಓಟ ನಿಲ್ಲಿಸದೆ. "ನಿಧಾನಕ್ಕೆ, ಒಂದೇ ಸಮ ಓಡೋದು ಕಷ್ಟ. ಕಾಲು ಮಾತು ಕೇಳಲ್ಲ. ಇಳಿಜಾರು ಕಂಡರೆ ಸಾಕು, ಕಟ್ಟು ಬಿಚ್ಚಿದ ಕರು ಆಗುತ್ತೆ."

ಇವರು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಾರೆ. ಆದರೆ ಊರಿನ ಓಟದವರ ಬಾಯಲ್ಲಿ ಇವರ ಹೆಸರು ಕೊನೆಯಣ್ಣ. ಪ್ರತಿ ಚಳಿಗಾಲ ಇಲ್ಲಿ ನಡೆಯುವ ಇಪ್ಪತ್ತೊಂದು ಕಿಲೋಮೀಟರ್ ಓಟದಲ್ಲಿ ಸಾವಿರಾರು ಜನ ಓಡುತ್ತಾರೆ. ಎಲ್ಲರಿಗಿಂತ ಹಿಂದೆ, ಬೇಕೆಂದೇ ಹಿಂದೆ ಓಡುವವರು ಇವರೊಬ್ಬರೇ. ಮೈಮೇಲೆ ಹಳದಿ ಕೋಟು, ಹಿಂದೆ ಒಂದು ಬಸ್ಸು. ಗಂಟೆಗೆ ಏಳು ಕಿಲೋಮೀಟರ್, ಅದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅವರು ದಾಟಿದ ಕೂಡಲೇ ಪೊಲೀಸರು ಹಗ್ಗ ಬಿಚ್ಚಿ ರಸ್ತೆಯನ್ನು ವಾಹನಗಳಿಗೆ ಬಿಡುತ್ತಾರೆ. ಹಾಗಾಗಿ ಕೊನೆಯಣ್ಣ ಯಾರ ಬೆನ್ನಿಗೆ ಬಂದು ಮುಟ್ಟುತ್ತಾರೋ ಅವರ ಓಟ ಅಲ್ಲಿಗೆ ಮುಗಿಯಿತು. ಎದೆಗೆ ಚುಚ್ಚಿಕೊಂಡ ನಂಬರನ್ನು ಇವರ ಕೈಗೆ ಕೊಟ್ಟು ಬಸ್ಸು ಹತ್ತಬೇಕು. ಹದಿನಾಲ್ಕನೇ ಕಿಲೋಮೀಟರಿನಲ್ಲಿ ಒಂದು ಸೇತುವೆ ಇದೆ. ಅದರ ಆಚೆ ದಡದ ಬಿಳಿ ಗೆರೆ ದಾಟಿದವರಿಗೆ ಮಾತ್ರ ಈ ಭಯವಿಲ್ಲ. ಅಲ್ಲಿಂದ ಮುಂದೆ ಕಾಲುದಾರಿ, ವಾಹನದ ಗೊಡವೆ ಇಲ್ಲ. ತೆವಳಿಕೊಂಡು ಹೋದರೂ ಕೊನೆಯಣ್ಣ ಜೊತೆಗೇ ಬರುತ್ತಾರೆ.

ಇದಕ್ಕೆ ಸಂಬಳವಿಲ್ಲ, ಪದಕವಿಲ್ಲ. ಗೆದ್ದವರ ಫೋಟೋ ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಈ ಮನುಷ್ಯ ಗುರಿ ಮುಟ್ಟುವ ಹೊತ್ತಿಗೆ ಫೋಟೋದವರು ಮನೆ ಸೇರಿ ಸ್ನಾನ ಮುಗಿಸಿರುತ್ತಾರೆ. ಹತ್ತು ಚಳಿಗಾಲ ಕಳೆದರೂ ಇವರ ಒಂದು ಚಿತ್ರ ಎಲ್ಲೂ ಅಚ್ಚಾಗಿಲ್ಲ ಎಂದರೆ ಅದು ನಮ್ಮ ಕಣ್ಣಿನ ದೋಷ, ಬೇರೆ ಏನೂ ಅಲ್ಲ.

ಈ ಕೆಲಸವನ್ನು ಅವರು ಜಗಳವಾಡಿ ಪಡೆದದ್ದು. ಮೊದಲ ಸಲ ಓಡಿದ ವರ್ಷ ಅವರೇ ಎಲ್ಲರಿಗಿಂತ ಹಿಂದೆ ಬಿದ್ದಿದ್ದರು. ದಾರಿಯುದ್ದಕ್ಕೂ ನೀರಿನ ಮೇಜುಗಳನ್ನು ಮಡಚಿ ಸಾಗಿಸಿಯಾಗಿತ್ತು. ಎದುರಿಗೆ ಲಾರಿ ಬರುತ್ತಿತ್ತು. ಗುರಿ ಮುಟ್ಟಿದಾಗ ಅಲ್ಲಿ ಕಸ ಗುಡಿಸುವವರು ಬಿಟ್ಟರೆ ನರಪಿಳ್ಳೆಯೂ ಇರಲಿಲ್ಲ. ಮಾರನೇ ದಿನ ಓಟ ನಡೆಸುವವರ ಕಚೇರಿಗೆ ಹೋಗಿ ಕೂಗಾಡಿದರು. ಹಿಂದೆ ಬೀಳುವವರೂ ಮನುಷ್ಯರೇ, ಅವರ ಹಿಂದೆ ಒಬ್ಬರು ಇರಬೇಕು ಎಂದರು. ಅಲ್ಲಿದ್ದವರು, ಹಾಗಾದರೆ ನೀವೇ ಇರಿ ಎಂದು ಹೇಳಿ ಕೈ ತೊಳೆದುಕೊಂಡರು.

ಬೆನ್ನಿನ ಚೀಲದಲ್ಲಿ ಕಂಬಳಿಗಳು, ಒಣ ಅಂಗಿ, ಟೋಪಿ, ಉಪ್ಪು ಸಕ್ಕರೆ ಬೆರೆಸಿದ ನೀರು. ಯಾರನ್ನಾದರೂ ಮುಟ್ಟಿದಾಗ ಮೊದಲು ಕಂಬಳಿ ಹೊದಿಸುತ್ತಾರೆ. ನಂಬರು ಕೇಳುವುದು ಆಮೇಲೆ. ಅದು ಅವರೇ ಮಾಡಿಕೊಂಡ ಪದ್ಧತಿ. ಚಳಿಯಲ್ಲಿ ಬೆವರಿದ ಮೈ ನಿಂತ ಮರುಗಳಿಗೆಗೆ ತಣ್ಣಗಾಗುತ್ತದೆ, ನಡುಕ ಹತ್ತುತ್ತದೆ, ನಡುಗುವವನಿಗೆ ಅವಮಾನವೂ ದುಪ್ಪಟ್ಟು ಎನ್ನುತ್ತಾರೆ.

ಬಟ್ಟೆಯ ವಿಷಯ ಬಂದರೆ ಅವರ ಮಾತು ಉದ್ದವಾಗುತ್ತದೆ. ದಿನವಿಡೀ ಒದ್ದೆ ಬಟ್ಟೆಯನ್ನೇ ಎತ್ತಿ ಇಳಿಸುವವರು. ಹತ್ತಿ ನೀರು ಕುಡಿದರೆ ಎಷ್ಟು ಭಾರ, ಎಷ್ಟು ಹೊತ್ತು ಒಣಗದೆ ಸತಾಯಿಸುತ್ತದೆ ಎಂಬುದು ಅವರ ಸೊಂಟಕ್ಕೇ ಗೊತ್ತು. ಹಾಗಾಗಿ ಮೈಗೆ ತಾಗುವ ಅಂಗಿ ಹತ್ತಿಯದಾಗಿರಬಾರದು, ಬೇಗ ಒಣಗುವ ತೆಳು ನೈಲಾನ್ ಬಟ್ಟೆಯಾಗಿರಬೇಕು. ಮೇಲೆ ಗಾಳಿ ತಡೆಯುವ ಇನ್ನೊಂದು. ಹರಿದ ಉದ್ದ ಕಾಲುಚೀಲದ ಮುಂಗಾಲು ಕತ್ತರಿಸಿ ತೋಳಿಗೆ ಏರಿಸಿದರೆ ಅರ್ಧ ಚಳಿ ಹೋಯಿತು, ಸೆಕೆಯಾದರೆ ಎಳೆದು ಸೊಂಟಕ್ಕೆ ಸಿಕ್ಕಿಸಿಕೊಳ್ಳಬಹುದು. "ಶುರುವಿನಲ್ಲಿ ನಿಂತಾಗ ನಡುಗಬೇಕು," ಎನ್ನುತ್ತಾರೆ. "ನಿಂತಾಗಲೇ ಬೆಚ್ಚಗಿದ್ದರೆ ಓಡುವಾಗ ಬೇಯ್ತೀರ. ಬೆಂದವರು ಬೇಗ ಆರುತ್ತಾರೆ."

ಈ ಮಾತನ್ನು ಊರೆಲ್ಲ ಕೇಳಿತು. ಕೇಳದೇ ಇದ್ದವರು ಅವರ ಹೆಂಡತಿ ಒಬ್ಬರೇ.

ಹೆಂಡತಿ ಅದೇ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅಡುಗೆಯವರು. ದಿನವಿಡೀ ದೊಡ್ಡ ಒಲೆಗಳ ಮುಂದೆ ನಿಂತು ಕೆಲಸ. ಹೊರಗೆ ಕಾಲಿಟ್ಟರೆ ಉಳಿದವರಿಗಿಂತ ಅವರಿಗೆ ಚಳಿ ಜಾಸ್ತಿ. ಹೋದ ವರ್ಷ ಗಂಡನನ್ನು ನೋಡಿ ನೋಡಿ ತಾವೂ ಓಡುವುದಾಗಿ ಹೆಸರು ಕೊಟ್ಟರು. ಓಟದ ದಿನ ಅತ್ತೆ ಹೆಣೆದ ದಪ್ಪ ಸ್ವೆಟರ್ ಹಾಕಿಕೊಂಡೇ ನಿಂತರು. ಸುತ್ತಲಿನವರು ಮೈ ಬಿಸಿಯಾಗುತ್ತಿದ್ದಂತೆ ಹಳೇ ಅಂಗಿಗಳನ್ನು ಬಿಚ್ಚಿ ರಸ್ತೆ ಬದಿಯ ಕಂಬಿಗಳ ಮೇಲೆ ಎಸೆದು ಓಡಿದರು. ಅದು ಓಟದವರ ರೂಢಿ. ಈಕೆ ಎಸೆಯಲಿಲ್ಲ. ಹಾಕಿಕೊಳ್ಳುವ ಬಟ್ಟೆಯನ್ನು ಬೀದಿಗೆ ಬಿಸಾಡಲು ತನ್ನ ಕೈ ಬರುವುದಿಲ್ಲ ಎಂದು ಈಗಲೂ ಹೇಳುತ್ತಾರೆ. ಬೆವರು ಸುರಿಯುವ ತನಕ ತೊಟ್ಟೇ ಓಡಿದರು, ಆಮೇಲೆ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡರು. ಒದ್ದೆ ಸ್ವೆಟರ್ ತೊಡೆಗೆ ಬಡಿಯುತ್ತಾ, ಒಳಗಿನ ಹತ್ತಿ ರವಿಕೆ ಬೆನ್ನಿಗೆ ಅಂಟುತ್ತಾ ಸೇತುವೆಗೆ ಬಂದರು. ಅಲ್ಲಿ ಹೊಳೆ ಗಾಳಿ. ಹಲ್ಲು ಕಟಕಟ ಎನ್ನತೊಡಗಿತು.

ಹಿಂದೆ ಕೊನೆಯಣ್ಣ ಬರುತ್ತಿದ್ದರು. ಸ್ವಲ್ಪ ಹೊತ್ತಿಗೆ ಮುಂಚೆ ಒಬ್ಬ ಶಾಲಾ ಟೀಚರನ್ನು ಮುಟ್ಟಿ, ಕಂಬಳಿ ಹೊದಿಸಿ, ಅಳುತ್ತಿದ್ದವರಿಂದ ನಂಬರು ತೆಗೆದುಕೊಂಡು ಬಸ್ಸು ಹತ್ತಿಸಿದ್ದರು. ಈಗ ಎದುರಿಗೆ ಹೆಂಡತಿಯ ಬೆನ್ನು. ಅವರು ನಿಧಾನ ಮಾಡಿದರು. ಒಂದು ಚೂರು, ಬೇರೆ ಯಾರಿಗೂ ಗೊತ್ತಾಗದಷ್ಟು. ಹೆಂಡತಿ ತಿರುಗಿ ನೋಡಿದರು. ಇನ್ನಷ್ಟು ದೂರ ಹೋಗಿ ಮತ್ತೆ ನೋಡಿದರು. ತಾನು ಕುಂಟುತ್ತಿದ್ದರೂ ನಡುವಿನ ಅಂತರ ಅಷ್ಟೇ ಇತ್ತು. ಅವರು ಅಲ್ಲೇ ನಿಂತರು. ಗಂಡ ಬರುವ ತನಕ ಕಾದು, ತಾವೇ ಪಿನ್ನು ಬಿಚ್ಚಿ ನಂಬರನ್ನು ಅವರ ಕೈಗಿಟ್ಟರು.

"ಟೀಚರಮ್ಮನಿಗೆ ಒಂದು ನ್ಯಾಯ, ನನಗೊಂದಾ?" ಎಂದರಂತೆ. "ಧರ್ಮಕ್ಕೆ ಕೊಟ್ಟಿದ್ದು ನನಗೆ ಬೇಡ ಕಣ್ರೀ."

ಆ ದಿನ ಕೊನೆಯಣ್ಣ ಮನೆಗೆ ಬಂದು ಹಳದಿ ಕೋಟನ್ನು ಮಡಚಿಟ್ಟು, ಇನ್ನು ತನ್ನಿಂದ ಆಗದು ಎಂದರು. ಟೀಚರಮ್ಮನ ಮುಖ ಕಣ್ಣ ಮುಂದೆ ಬರುತ್ತಿತ್ತಂತೆ. ಬೇಡ ಎಂದು ತಡೆದವರು ಹೆಂಡತಿಯೇ. ನೀವು ಓಡಿ, ನಾನೂ ಓಡುತ್ತೇನೆ, ಮುಂದಿನ ಸಲ ಮುಟ್ಟಿದರೆ ಮುಟ್ಟಿ ಎಂದರು. ಅಲ್ಲಿಂದ ಈ ಮನೆಯಲ್ಲಿ ಒಂದೇ ಧ್ಯಾನ. ಆಕೆ ಸೇತುವೆ ದಾಟಬೇಕು, ಗಂಡ ಕೈ ಹಿಡಿಯದೆ. ಆಗಲಿಲ್ಲವೋ, ನಂಬರು ಕೊಡಬೇಕು, ಕೊನೆಯಣ್ಣ ಇಸಿದುಕೊಳ್ಳಬೇಕು.

ವರ್ಷವಿಡೀ ಅಭ್ಯಾಸ ನಡೆಯಿತು. ಕ್ಯಾಂಟೀನು ತೆರೆಯುವ ಮೊದಲು ವಾರಕ್ಕೆ ಮೂರು ಸಲ ಹೊಳೆ ಪಕ್ಕದ ರಸ್ತೆಗೆ ಬರುತ್ತಾರೆ. ಆಕೆಯನ್ನು ಒಂದಿಷ್ಟು ದೂರ ಮುಂದೆ ಬಿಟ್ಟು ಇವರು ಹಿಂದಿನಿಂದ ಹೊರಡುತ್ತಾರೆ. ಮದುವೆಯಾಗಿ ಇಷ್ಟು ವರ್ಷ ಇವರಿಂದ ತಪ್ಪಿಸಿಕೊಳ್ಳಬೇಕು ಅಂತ ಅನ್ನಿಸಿದ್ದುಂಟು, ಈಗ ಅದಕ್ಕೆ ಲೈಸೆನ್ಸು ಸಿಕ್ಕಿದೆ ಎನ್ನುತ್ತಾರೆ ಹೆಂಡತಿ. ಗಂಡನಿಗೆ ಈ ಮಾತು ಕೇಳಿ ಕೇಳಿ ಅಭ್ಯಾಸವಾಗಿದೆ.

ಮನೆಯಲ್ಲಿ ಕೊನೆಯಣ್ಣನ ತಾಯಿ ಇದ್ದಾರೆ. ಎರಡು ಕೋಣೆಯ ಮನೆ. ಕಿಟಕಿಗೆ ಅಡ್ಡಡ್ಡ ಕಟ್ಟಿದ ಹಗ್ಗದ ಮೇಲೆ ಓಟದ ಬಟ್ಟೆ ಸದಾ ಒಣಗುತ್ತಿರುತ್ತದೆ. ತಾಯಿ ಅದರ ಕೆಳಗೆ ಕೂತು ಹೆಣೆಯುತ್ತಾರೆ, ಹನಿ ತಲೆಗೆ ಬಿದ್ದಾಗಲೆಲ್ಲ ಬೈಯುತ್ತಾರೆ. "ಗಂಡ ಹೆಂಡತಿ ದಿನಾ ಬೆಳಗಾಗೋ ಮುಂಚೆ ಓಡಿಹೋಗ್ತಾರೆ. ಮದುವೆಗೆ ಮುಂಚೇನೇ ಓಡಿಹೋಗಿದ್ದರೆ ನನಗೆ ಮದುವೆ ಖರ್ಚಾದರೂ ಉಳೀತಿತ್ತು," ಎಂಬುದು ಅವರ ದೂರು.

ಬಟ್ಟೆಯ ಜಗಳ ಮಾತ್ರ ಬಗೆಹರಿಯಲಿಲ್ಲ. ತೆಳು ಅಂಗಿಗೆ ಸೊಸೆ ಒಪ್ಪಿದರು, ಕಾಲುಚೀಲದ ತೋಳಿಗೂ ನಕ್ಕು ಒಪ್ಪಿದರು. ಓಟ ಶುರುವಾಗುವ ತನಕ ಸ್ವೆಟರ್ ಇಲ್ಲದೆ ಮುಕ್ಕಾಲು ಗಂಟೆ ಚಳಿಯಲ್ಲಿ ನಿಂತಿರಲು ಒಪ್ಪಲಿಲ್ಲ. ಹಾಕಿಕೊಂಡು ಹೋಗಿ ಎಸೆ ಎಂದರೆ ಎಸೆಯುವುದಿಲ್ಲ. ಅತ್ತೆ, ನಾನು ಹೆಣೆದದ್ದನ್ನು ಬೀದಿಗೆ ಎಸೆದರೆ ನಿನ್ನನ್ನೂ ಎಸೆಯುತ್ತೇನೆ ಎಂದು ಉರಿಯುವ ಬೆಂಕಿಗೆ ತುಪ್ಪ ಸುರಿದರು.

ಓಟದ ದಿನ ಮಂಜು ಕವಿದಿದೆ. ಹೆಂಡತಿ ಸ್ವೆಟರ್ ಹಾಕಿಕೊಂಡೇ ಗುಂಪಿನೊಳಗೆ ನಿಲ್ಲುತ್ತಾರೆ. ಕೊನೆಯಣ್ಣ ದೂರದಿಂದ ಅದನ್ನು ನೋಡಿ ಮುಖ ಬೇರೆ ಕಡೆ ತಿರುಗಿಸುತ್ತಾರೆ. ಹಳದಿ ಕೋಟು ಹಾಕಿದ ಮೇಲೆ ಅವರು ಯಾರ ಗಂಡನೂ ಅಲ್ಲ, ಯಾರಿಗೂ ಬುದ್ಧಿ ಹೇಳುವಂತಿಲ್ಲ.

ಓಟ ಶುರುವಾಗುತ್ತದೆ. ಮುಂದಿನವರು ಕಣ್ಮರೆಯಾದ ಮೇಲೆ ಕೊನೆಯಣ್ಣ ಹೊರಡುತ್ತಾರೆ, ಹಿಂದೆ ಬಸ್ಸು. ಮೂರನೇ ಕಿಲೋಮೀಟರಿನ ತಿರುವಿನಲ್ಲಿ ಚಪ್ಪಾಳೆ ತಟ್ಟುವವರ ನಡುವೆ ಅವರ ತಾಯಿ ನಿಂತಿದ್ದಾರೆ. ಹೊದ್ದ ಶಾಲಿನ ಮೇಲೆ ಸೊಸೆಯ ಸ್ವೆಟರ್. ಯಾರಿಗೂ ಹೇಳದೆ ಆಟೋ ಹಿಡಿದು ಬಂದು, ಸೊಸೆ ಹಾಯುವಾಗ ಕೈಚಾಚಿ, ಎಸೀಬೇಡ ನನಗೆ ಕೊಡು ಎಂದು ಬಿಚ್ಚಿಸಿಕೊಂಡಿದ್ದಾರೆ. ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ ಅಂದ್ಕೊಂಡು ಓಡೇ ಎಂದೂ ಹೇಳಿ ಕಳಿಸಿದ್ದಾರೆ. ಈಗ ಮಗನ ಸರದಿ.

"ನಿಧಾನಕ್ಕೆ ಹೋಗೋ," ಎನ್ನುತ್ತಾರೆ ತಾಯಿ. "ಇಷ್ಟು ವರ್ಷ ನಿಧಾನವೇ ಆಗಿದ್ದೆ, ಇವತ್ತೇನು ಅರ್ಜೆಂಟು ನಿನಗೆ?"

ಮಗ ನಗುತ್ತಾರೆ. ಹೆಜ್ಜೆ ಬದಲಿಸುವುದಿಲ್ಲ.

ಎಂಟನೇ ಕಿಲೋಮೀಟರಿನಲ್ಲಿ ಒಬ್ಬ ಯುವಕ ಹೊಸ ಬೂಟು ಕಚ್ಚಿ ಕಾಲಲ್ಲಿ ಬೊಬ್ಬೆ ಎದ್ದು ಕೂತಿದ್ದಾನೆ. ಕಂಬಳಿ, ಆಮೇಲೆ ನಂಬರು. ಹನ್ನೊಂದನೆಯದರಲ್ಲಿ ಒಬ್ಬ ಹೆಂಗಸು, ಇನ್ನೊಂದು ಸ್ವಲ್ಪ ದೂರ ಬಿಡಿ ಅಣ್ಣ ಎಂದು ಬೇಡುತ್ತಾರೆ. ಕೊನೆಯಣ್ಣ ಅವರ ಹೆಗಲಿಗೆ ಕಂಬಳಿ ಹೊದಿಸುತ್ತಾ, ಬಿಡೋಕೆ ರಸ್ತೆ ನನ್ನದಲ್ಲ ತಾಯಿ ಎನ್ನುತ್ತಾರೆ. ಇಬ್ಬರೂ ಬಸ್ಸು ಹತ್ತುತ್ತಾರೆ.

ಸೇತುವೆ ಕಾಣುತ್ತದೆ. ಅದರ ಮೇಲೆ ಒಬ್ಬರೇ ಒಬ್ಬರು, ಕ್ಯಾಂಟೀನಿನ ಅಡುಗೆಯವರು. ಕಾಲುಚೀಲದ ತೋಳುಗಳು ಸೊಂಟದಲ್ಲಿ ಜೋತಾಡುತ್ತಿವೆ. ಇವತ್ತು ನಡುಕವಿಲ್ಲ, ಆದರೆ ಬಲಗಾಲು ಎಳೆಯುತ್ತಿದೆ. ನಡುವೆ ಮೂರು ದೀಪದ ಕಂಬ. ನೋಡುತ್ತಿದ್ದಂತೆ ಎರಡು. ಬಸ್ಸಿನ ಡ್ರೈವರು ರೇಡಿಯೋ ನಿಲ್ಲಿಸುತ್ತಾನೆ. ಒಳಗೆ ಕಂಬಳಿ ಹೊದ್ದ ಇಬ್ಬರೂ ಗಾಜಿಗೆ ಮೂಗು ಒತ್ತಿ ನಿಂತಿದ್ದಾರೆ. ಅವರಿಗೆ ಆಕೆಯ ಮೇಲಲ್ಲ, ಹಳದಿ ಕೋಟಿನ ಮೇಲೆ ಕಣ್ಣು. ಕೋಟು ಅದೇ ವೇಗದಲ್ಲಿ ಹೋಗುತ್ತಿದೆ. ಒಂದು ಕಂಬ. ಆಮೇಲೆ ಅದೂ ಇಲ್ಲ. ಆಕೆ ತಿರುಗಿ ನೋಡುವುದಿಲ್ಲ. ಇವರು ಕೈಚಾಚಿದರೆ ಸಿಗುವಷ್ಟು ಹತ್ತಿರ ಬರುವ ಹೊತ್ತಿಗೆ ಆಕೆಯ ಕಾಲು ಬಿಳಿ ಗೆರೆಯ ಆಚೆ ಬೀಳುತ್ತದೆ.

ಕೊನೆಯಣ್ಣ ಗೆರೆ ದಾಟಿ ನಿಲ್ಲುತ್ತಾರೆ. ಮಂಡಿಯ ಮೇಲೆ ಕೈಯೂರಿ ಬಗ್ಗುತ್ತಾರೆ. ಬಸ್ಸಿನೊಳಗೆ ಆ ಹೆಂಗಸು ಚಪ್ಪಾಳೆ ತಟ್ಟುತ್ತಾರೆ, ಕಂಬಳಿ ಜಾರಿ ಬಿದ್ದದ್ದೂ ಅವರಿಗೆ ಗೊತ್ತಿಲ್ಲ.

ಉಳಿದ ಏಳು ಕಿಲೋಮೀಟರನ್ನು ಗಂಡ ಹೆಂಡತಿ ಹೆಚ್ಚುಕಡಿಮೆ ನಡೆದೇ ಮುಗಿಸುತ್ತಾರೆ. ಗುರಿಯ ಹತ್ತಿರ ಧ್ವನಿವರ್ಧಕದವರು ವೈರು ಸುತ್ತುತ್ತಿದ್ದಾರೆ. ತಾಯಿ ಒಂದು ಕುರ್ಚಿಯನ್ನು ಯಾರಿಗೂ ಬಿಟ್ಟುಕೊಡದೆ ಹಿಡಿದು ಕೂತಿದ್ದಾರೆ. ಸೊಸೆಯನ್ನು ಅದರಲ್ಲಿ ಕೂರಿಸಿ ಸ್ವೆಟರ್ ಹಾಕಿಸುತ್ತಾರೆ.

ಸೇತುವೆಯ ಮೇಲೆ ಒಮ್ಮೆಯಾದರೂ ತಿರುಗಿ ನೋಡಬೇಕು ಅನ್ನಿಸಲಿಲ್ಲವೇ ಎಂದು ಕೇಳಿದರೆ ಹೆಂಡತಿ ತಲೆಯಾಡಿಸುತ್ತಾರೆ. "ಅನ್ನಿಸ್ತು. ನನ್ನ ಮುಖ ಕಂಡರೆ ಎಲ್ಲಿ ಮತ್ತೆ ನಿಧಾನ ಮಾಡಿಬಿಡ್ತಾರೋ ಅಂತ ನೋಡಲಿಲ್ಲ. ಪಾಪ, ಆಮೇಲೆ ವರ್ಷವಿಡೀ ಕೊರಗ್ತಾರೆ."

ಕೊನೆಯಣ್ಣ ಪಕ್ಕದಲ್ಲೇ ನೆಲದ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದಾರೆ. ಬರುವ ಚಳಿಗಾಲಕ್ಕೂ ಹಳದಿ ಕೋಟು ಹಾಕುತ್ತೀರಾ ಎಂದರೆ, ಹಾಕದೆ ಏನು ಎಂಬಂತೆ ನೋಡುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಕೇಳಿದ್ದಕ್ಕೆ ಬೂಟು ಕಳಚಿ ಪಕ್ಕಕ್ಕಿಡುತ್ತಾರೆ.

"ಒಂದೇ ಒಂದು," ಎನ್ನುತ್ತಾರೆ. "ಬರೋ ವರ್ಷ ಇವಳ ಬೆನ್ನು ನನ್ನ ಕಣ್ಣಿಗೇ ಬೀಳಬಾರದು."