ಹನ್ನೊಂದು ಜನರ ಒಂದೇ ಹವ್ಯಾಸ

ಬೊಮ್ಮಸಂದ್ರದಲ್ಲಿ ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ ನಾನು ಆರು ವರ್ಷ ಇಂಗ್ಲಿಷ್ ಕಲಿಸಿದೆ. ಬೋರ್ಡಿನಲ್ಲಿ ‘ಸ್ಪೋಕನ್ ಇಂಗ್ಲಿಷ್’ ಎಂದಿತ್ತು. ಬಿಸಿಲು ಬಿದ್ದಾಗ ಅದರಡಿಯಿಂದ ‘ಟೈಪಿಂಗ್’ ಎಂಬ ಹಳೆಯ ಅಕ್ಷರಗಳು ಇಣುಕುತ್ತಿದ್ದವು. ಟೈಪಿಂಗ್ ಕಲಿಯುವವರು ಇಲ್ಲವಾದ ಮೇಲೆ ಮಾಲೀಕರು ಯಂತ್ರಗಳನ್ನು ಗುಜರಿಗೆ ಹಾಕಿ, ಆ ಜಾಗದಲ್ಲಿ ನನ್ನನ್ನು ತಂದು ಕೂರಿಸಿದ್ದರು. ನನ್ನನ್ನು ಮೇಷ್ಟ್ರು ಎನ್ನಕೂಡದು, ಟ್ರೈನರ್ ಎನ್ನಬೇಕೆಂದು ಅವರ ಅಪ್ಪಣೆ. ಅದಕ್ಕೆ ಪುರಾವೆಯಾಗಿ ಏಪ್ರಿಲ್ ಸೆಕೆಯಲ್ಲೂ ನನ್ನ ಕೊರಳಿಗೊಂದು ಟೈ.

ನನ್ನ ಯೋಗ್ಯತೆಯನ್ನೂ ಹೇಳಿಬಿಡುತ್ತೇನೆ. ಆನೇಕಲ್ ಕಡೆಯ ಹಳ್ಳಿಯವನು, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಅಂಚೆಯಲ್ಲಿ ಬಂದ ಎಂ.ಎ. ವೈಟ್‌ಫೀಲ್ಡಿನ ಕಾಲ್ ಸೆಂಟರುಗಳಿಂದ ಮೂರು ಸಲ ವಾಪಸಾಗಿದ್ದೆ. ನನ್ನ ಇಂಗ್ಲಿಷಿನಲ್ಲಿ ಮಾತೃಭಾಷೆಯ ಪ್ರಭಾವವಿದೆಯಂತೆ. ಅದೇನೋ ಚರ್ಮರೋಗ ಎಂಬಂತೆ ಅಲ್ಲಿಯ ಹುಡುಗಿ ದನಿ ತಗ್ಗಿಸಿ ಹೇಳಿದ್ದಳು. ಇಂಗ್ಲಿಷ್ ಮಾತಾಡುವ ಕೆಲಸ ಸಿಗದವನು ಹೀಗೆ ಇಂಗ್ಲಿಷ್ ಮಾತಾಡಿಸುವ ಕೆಲಸ ಹಿಡಿದೆ.

ಬೆಳಗ್ಗೆ ಏಳರ ಬ್ಯಾಚಿಗೆ ಬರುವವರೆಲ್ಲ ನೈಟ್ ಶಿಫ್ಟ್ ಮುಗಿಸಿದವರು. ಕೆಳಗೆ ಬನ್ ಬೇಯುವ ವಾಸನೆ, ಮೇಲೆ ನನ್ನ ವ್ಯಾಕರಣ. ಅರ್ಧ ಜನ ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುತ್ತಿದ್ದರು. ತೂಕಡಿಸದೆ ಕೂರುತ್ತಿದ್ದವಳು ಒಬ್ಬಳೇ, ಬಾಗಲಕೋಟೆ ಕಡೆಯ ಹೆಣ್ಣುಮಗಳು. ಔಷಧಿ ಕಂಪನಿಯೊಂದರ ಪ್ಯಾಕಿಂಗ್ ಲೈನಿನಲ್ಲಿ ಕಾಂಟ್ರ್ಯಾಕ್ಟ್ ಮೇಲಿದ್ದಳು. ಲೈನ್ ಲೀಡರ್ ಆದರೆ ಕೆಲಸ ಕಾಯಂ, ಹಗಲಿನ ಜನರಲ್ ಶಿಫ್ಟ್. ಅವಳಿಗೆ ಇಂಗ್ಲಿಷಿನ ಹುಚ್ಚೇನೂ ಇರಲಿಲ್ಲ. ರಾತ್ರಿ ಹೊತ್ತು ಮಲಗಬೇಕು, ಅಷ್ಟೇ ಅವಳ ಆಸೆ.

ಆ ವರ್ಷ ಲೈನ್ ಲೀಡರ್ ಕೆಲಸಕ್ಕೆ ಒಳಗಿನವರನ್ನೇ ಇಂಗ್ಲಿಷಿನಲ್ಲಿ ಇಂಟರ್‌ವ್ಯೂ ಮಾಡುವುದಾಗಿ ಕಂಪನಿ ನೋಟಿಸ್ ಹಾಕಿತು. ನನ್ನ ಬ್ಯಾಚಿನಲ್ಲಿದ್ದ ಆ ಕಂಪನಿಯ ಹನ್ನೊಂದು ಜನ ಅರ್ಜಿ ಹಾಕಿದರು. ನಾನು ಅಷ್ಟೂ ಜನಕ್ಕೆ ‘ಸೆಲ್ಫ್ ಇಂಟ್ರೊಡಕ್ಷನ್’ ಎಂಬ ಹಾಳೆಯನ್ನು ಜೆರಾಕ್ಸ್ ಮಾಡಿಸಿ ಹಂಚಿದೆ. ಮೈ ಫಾದರ್ ಈಸ್ ಎ ಫಾರ್ಮರ್, ಮೈ ಮದರ್ ಈಸ್ ಎ ಹೌಸ್‌ವೈಫ್, ಮೈ ಹಾಬಿ ಈಸ್ ಗಾರ್ಡನಿಂಗ್. ಹಿಂದೆಂದೋ ಒಂದು ಗೈಡಿನಿಂದ ಕದ್ದದ್ದು. ಕಾಲ್ ಸೆಂಟರಿನಲ್ಲಿ ನಾನು ಮೂರು ಸಲವೂ ಒಪ್ಪಿಸಿದ್ದು ಇದನ್ನೇ ಎಂಬುದನ್ನು ಅವರಿಗೆ ಹೇಳಲಿಲ್ಲ.

ಹಾಳೆ ಓದಿ ಅವಳು ಎದ್ದು ನಿಂತಳು.

“ಸರ, ನಮ್ಮಪ್ಪ ರೈತ ಅಲ್ರೀ. ಲಗ್ನದಾಗ ಕ್ಲಾರಿನೆಟ್ ಊದ್ತಾನ. ಹತ್ತು ಮನಿ ಇರೋ ವಠಾರದಾಗ ನಾ ಎಲ್ಲಿ ಗಾರ್ಡನ್ ಮಾಡ್ಲಿ?”

ತರಗತಿಯಲ್ಲಿ ಕನ್ನಡ ನಿಷೇಧ. ಆಡಿದವರು ಪಾಠ ಮುಗಿಯುವವರೆಗೂ ನಿಂತಿರಬೇಕು ಎಂಬುದು ನಾನೇ ಮಾಡಿದ ಕಾನೂನು. ಬರೆದಿರುವುದನ್ನು ಉರು ಹೊಡೆದರೆ ಸಾಕೆಂದು ಹೇಳಿ, ರಾತ್ರಿಯಿಡೀ ಲೈನಿನಲ್ಲಿ ನಿಂತು ಬಂದವಳನ್ನು ಮತ್ತೆ ಒಂದು ಗಂಟೆ ನಿಲ್ಲಿಸಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಆಗ ಶಿಸ್ತು ಎಂದುಕೊಂಡಿದ್ದೆ.

ಅವಳು ಆ ಹಾಳೆಯನ್ನು ಒಂದು ಅಕ್ಷರ ತಪ್ಪದಂತೆ ಬಾಯಿಪಾಠ ಮಾಡಿದಳು. ಇಂಟರ್‌ವ್ಯೂ ದಿನ ಹನ್ನೊಂದನೆಯ ಸರದಿ ಅವಳದು. ಆಮೇಲೆ ಗೊತ್ತಾದಂತೆ, ನಾಲ್ಕನೆಯವನ ಹೊತ್ತಿಗೆ ಅಧಿಕಾರಿಗೆ ಅನುಮಾನ ಬಂದಿತ್ತು. ಏಳನೆಯವನ ವಾಕ್ಯಗಳನ್ನು ಅವರೇ ಪೂರ್ತಿ ಮಾಡಿದರು. ಒಂಬತ್ತನೆಯವನಿಗೆ, ಆ ತೋಟ ಎಲ್ಲಿದೆಯಪ್ಪ, ನಾವೂ ನೋಡೋಣ ಎಂದರಂತೆ. ಹನ್ನೊಂದು ಜನರಲ್ಲಿ ಒಬ್ಬರಿಗೂ ಕೆಲಸ ಆಗಲಿಲ್ಲ.

ಮಾರನೆಯ ದಿನ ಪಾಠ ಮುಗಿದ ಮೇಲೂ ಅವಳು ಕೂತೇ ಇದ್ದಳು. ಮೈ ಫಾದರ್ ಎನ್ನುತ್ತಿದ್ದಂತೆ ಅಧಿಕಾರಿ ಕೈ ಎತ್ತಿ, ಸಾಕು, ಹೋಗಿ ಎಂದರಂತೆ.

“ನಾಕು ತಿಂಗಳು ಕಲ್ತೀನ್ರೀ ಸರ. ನನಗ ಮಾತಾಡಾಕ ಬಿಡ್ಲೇ ಇಲ್ಲ.”

ಬೈದಿದ್ದರೆ ಏನಾದರೂ ಸಮಜಾಯಿಷಿ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಮುಂದಿನ ಇಂಟರ್‌ವ್ಯೂ ಆರು ತಿಂಗಳಿಗೆ, ಅದಕ್ಕೇನು ಕಲಿಯಲಿ ಎಂದಷ್ಟೇ ಕೇಳಿದಳು. ನನ್ನ ಹತ್ತಿರ ಬೇರೆ ಹಾಳೆ ಇರಲಿಲ್ಲ. ಟೈ ಬಿಚ್ಚಿ ಮೇಜಿನ ಮೇಲಿಟ್ಟೆ.

“ಅಲ್ಲಮ್ಮ, ಲೈನಲ್ಲಿ ನೀನು ಏನ್ ಕೆಲ್ಸ ಮಾಡ್ತೀಯ?” ಎಂದು ಕನ್ನಡದಲ್ಲೇ ಕೇಳಿದೆ. ಕೇಳಿದ ಮೇಲೆ ನನ್ನದೇ ಕಾನೂನು ನೆನಪಾಗಿ ಎದ್ದು ನಿಂತೆ. ನಾಲ್ಕು ತಿಂಗಳಲ್ಲಿ ಅವಳು ಮೊದಲ ಸಲ ನಕ್ಕಳು.

ನಾನು ನಿಂತೇ ಇದ್ದೆ, ಅವಳು ಹೇಳುತ್ತ ಹೋದಳು. ಮಾತ್ರೆಯ ಪಟ್ಟಿ ಸರಿಯಾಗಿ ಅಂಟದಿದ್ದರೆ ಅವಳಿಗೆ ಯಂತ್ರದ ಸದ್ದಿನಲ್ಲೇ ತಿಳಿಯುತ್ತಿತ್ತಂತೆ. ಅಪ್ಪನ ಮೇಳದಲ್ಲಿ ಯಾರ ವಾದ್ಯ ತಪ್ಪಿತೆಂದು ಗುರುತಿಸಿ ಗುರುತಿಸಿ ಚಿಕ್ಕಂದಿನಲ್ಲೇ ಕಿವಿ ಪಳಗಿತ್ತು. ತಪ್ಪು ತೋರಿಸುವ ಕೆಂಪು ದೀಪ ಹತ್ತುವ ಮೊದಲೇ ಅವಳು ಯಂತ್ರ ನಿಲ್ಲಿಸುತ್ತಿದ್ದಳು. ಇಷ್ಟು ದಿನ ನಾನು ಇದನ್ನು ಕೇಳಿಯೇ ಇರಲಿಲ್ಲ. ಆರು ತಿಂಗಳು ನಾವು ಇದನ್ನೇ ಇಂಗ್ಲಿಷ್ ಮಾಡಿದೆವು, ಅವಳಿಗೆ ಬಂದಷ್ಟು. ನಾನು ಬರೆದುಕೊಡಲಿಲ್ಲ.

ಎರಡನೆಯ ಇಂಟರ್‌ವ್ಯೂ ಮುಗಿಸಿ ಅವಳು ಮೆಟ್ಟಿಲು ಹತ್ತಿ ಬಂದಾಗ ನಾನು ಬಾಗಿಲಲ್ಲೇ ಕಾಯುತ್ತಿದ್ದೆ. ಅಪ್ಪನ ಕ್ಲಾರಿನೆಟ್, ಯಂತ್ರದ ಸದ್ದು ಎಲ್ಲ ಹೇಳಿದಳಂತೆ. ಅದೇ ಅಧಿಕಾರಿ. ಕೊನೆಗೆ ಹಾಬಿ ಏನೆಂದು ಕೇಳಿದ್ದಾರೆ.

“ಏನ್ ಹೇಳ್ದೆ?”

“ಸ್ಲೀಪಿಂಗ್ ಸರ್ ಅಂದೆ. ಬಿದ್ದು ಬಿದ್ದು ನಕ್ರು. ಕೆಲ್ಸ ಆತ್ರೀ.”

ಸುದ್ದಿ ಕೇಳಿದ ಮಾಲೀಕರು ಹಾಳೆಯಲ್ಲಿ ಗಾರ್ಡನಿಂಗ್ ಹೊಡೆದುಹಾಕಿ ಎಲ್ಲರಿಗೂ ಸ್ಲೀಪಿಂಗ್ ಎಂದು ಬರೆದು ಹಂಚಿ ಎಂದರು. ಹಾಳೆ ಕಳೆದುಹೋಗಿದೆ ಎಂದು ಸುಳ್ಳು ಹೇಳಿದೆ.

ಮುಂದಿನ ಸೋಮವಾರ ಬೆಳಗ್ಗೆ ಏಳಕ್ಕೆ ಅವಳ ಕುರ್ಚಿ ಖಾಲಿ ಇತ್ತು. ಹೇಳದೆ ಕೇಳದೆ ಪಾಠ ತಪ್ಪಿಸಿದವರನ್ನು ನಾನು ಸುಮ್ಮನೆ ಬಿಟ್ಟವನಲ್ಲ. ಅವತ್ತು ಮಾತ್ರ, ಇನ್ನೂ ಮಲಗಿರಲಿ ಎಂದುಕೊಂಡು ಹಾಜರಿ ಹಾಕಿಬಿಟ್ಟೆ.