ಮಿಕಾಯೆಲಾಳ ಅಡ್ಡಮಾತು

ಮಿಕಾಯೆಲಾ ಬಾಯಿ ತೆಗೆದರೆ ಸಂತೆಯ ಆ ತುದಿಗೂ ಕೇಳಿಸುತ್ತದೆ. ಅಂಥವಳನ್ನು ಕೋರ್ಟಿನವರು ದುಭಾಷಿಯಾಗಿ ನೇಮಿಸಿಕೊಂಡರೆ ಮಾತೆಯೋ ಎಂಬ ಅವಳ ಗಂಡ ನಗದೆ ಏನು ಮಾಡಿಯಾನು? ಬೇರೆಯವರು ಹೇಳಿದ್ದಷ್ಟನ್ನೇ ಹೇಳಬೇಕು, ತನ್ನದೊಂದು ಮಾತೂ ಸೇರಿಸಕೂಡದು. "ನಿನ್ನ ಕೈಲಿ? ಊಟದ ಹೊತ್ತಿಗೆ ವಾಪಸ್ ಬರ್ತೀಯ ಬಿಡು," ಎಂದು ರೇಗಿಸಿದ್ದ. ಆ ಹಟಕ್ಕೇ ಪುಣ್ಯಾತ್ಗಿತ್ತಿ ಎರಡು ವರ್ಷ ಬಾಯಿ ಬಿಗಿಹಿಡಿದಳು. ಹುಡುಗಿಯಾಗಿದ್ದಾಗ ಪಟ್ಟಣದಲ್ಲಿ ಮುಸುರೆ ತಿಕ್ಕುತ್ತ ಕಲಿತ ಸ್ಪ್ಯಾನಿಷ್ ಈಗ ಸಂಬಳ ತರುತ್ತಿತ್ತು.

ಆಗ ಬಂತು ಅಲುಶ್ ತಾತನ ಕೇಸು. ವ್ಯಾಪಾರಿಯೊಬ್ಬನ ಹೇಸರಗತ್ತೆ ಕದ್ದ ಆರೋಪ. ನೋಡಿದವರಿಲ್ಲ, ಕತ್ತೆಯೂ ಸಿಕ್ಕಿಲ್ಲ. ನಮ್ಮ ಬೆಟ್ಟದ ಭಾಷೆ ತ್ಸೆಲ್ತಾಲನ್ನು ಹರುಕುಮುರುಕಾಗಿ ಬಲ್ಲ ಪೇದೆಯೊಬ್ಬನ ಮುಂದೆ ತಾತ ಒಪ್ಪಿಕೊಂಡಿದ್ದಾನೆ ಎಂಬುದಷ್ಟೇ ಪುರಾವೆ. ಶಿಕ್ಷೆಯಾದರೆ ಆ ವಯಸ್ಸಿನಲ್ಲಿ ಜೀವಂತ ಹೊರಗೆ ಬರುವ ಮಾತೇ ಇರಲಿಲ್ಲ.

ಸರ್ಕಾರಿ ವಕೀಲ ಹೇಳಿದ್ದನ್ನು ಮಿಕಾಯೆಲಾ ತ್ಸೆಲ್ತಾಲಿಗೆ ತಿರುಗಿಸಿದಳು: "ತಾತಿಕ್, ಹಿರಿಯರೇ, ಕೊಟ್ಟಿಗೆಯಿಂದ ಹೇಸರಗತ್ತೆ ಹೊಡ್ಕೊಂಡು ಹೋದ್ರಿ."

"ಹೊಡ್ಕೊಂಡು ಹೋದೆ," ಎಂದ ತಾತ ವಿನಯದಿಂದ.

ಬೆಟ್ಟದ ಮೇಲಿನ ನಮ್ಮ ಹಿರಿಯರು ಮಾತಾಡುವುದೇ ಹೀಗೆ. ಎದುರಿನವರ ಮಾತಿನ ಕೊನೆಯನ್ನು ತಾವೂ ಒಮ್ಮೆ ಹೇಳಿ, ಕೇಳಿಸಿಕೊಂಡೆ ಎಂದು ತಿಳಿಸುತ್ತಾರೆ. ಹಾಗೆ ಮಾಡದವನು ಒರಟ. ಒಪ್ಪಿಗೆಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೆ ಅದನ್ನು ವಿವರಿಸುವ ಅಧಿಕಾರ ದುಭಾಷಿಗಿಲ್ಲ. ವಿವರಿಸಿದರೆ ಅವಳ ಕೆಲಸ ಹೋಗುತ್ತದೆ, ಸುಮ್ಮನಿದ್ದರೆ ತಾತನೇ ಹೋಗುತ್ತಾನೆ.

ಅವಳು "ಹೊಡ್ಕೊಂಡು ಹೋದೆ" ಎಂದು ಸ್ಪ್ಯಾನಿಷಿನಲ್ಲಿ ಹೇಳಿದಳು. ಹೇಳಿ, ಸುಮ್ಮನಿರಲಾರದೆ ನ್ಯಾಯಾಧೀಶರತ್ತ ತಿರುಗಿ ಒಂದೇ ಉಸಿರಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ವಕೀಲ ಎದ್ದು ನಿಂತು, ಇವಳನ್ನು ಮೊದಲು ಹೊರಗೆ ಕಳಿಸಿ ಎಂದು ಕೂಗಾಡಿದ.

"ಸ್ವಾಮಿ, ಅವರು ಅವರ ಭಾಷೇಲೇ ಮಾತಾಡ್ಬೇಕು ಅಂತ ದೇಶದ ಕಾನೂನೇ ಹೇಳುತ್ತೆ. ಅದಕ್ಕೇ ತಾನೆ ನನ್ನನ್ನ ಇಲ್ಲಿ ನಿಲ್ಲಿಸಿರೋದು? ನಮ್ಮ ಮರ್ಯಾದೆನೂ ಆ ಭಾಷೆ ಒಳಗೇ ಇದೆ, ಸ್ವಾಮಿ."

ನ್ಯಾಯಾಧೀಶರು ಗಲ್ಲ ಕೆರೆದುಕೊಂಡರು. ಈ ಕೋರ್ಟು ಕಟ್ಟಿಸಿದ್ದು ನೀನೇ ಎಂದು ಆ ಮುದುಕನಿಗೆ ಹೇಳು ನೋಡೋಣ ಎಂದರು. ಹೇಳಿದಳು.

"ಕಟ್ಟಿಸಿದ್ದು ನಾನೇ," ಎಂದ ತಾತ ಟೋಪಿಯನ್ನು ಎದೆಗೊತ್ತಿಕೊಂಡು.

ಸಭೆಯೆಲ್ಲ ನಕ್ಕಿತು. ನ್ಯಾಯಾಧೀಶರು ಮಾತ್ರ ನಗಲಿಲ್ಲ. ಈಗ ಆ ಹಿರಿಯರದೇ ಮಾತು ಏನಿದೆಯೋ ಕೇಳು ಎಂದರು.

"ನನ್ ಮಾತಾ? ಅದನ್ನ ಇವತ್ತಿನವರೆಗೂ ಯಾರೂ ಕೇಳ್ಲೇ ಇಲ್ವಲ್ಲ, ತಾಯಿ."

ಕತ್ತೆ ಕಳುವಾದ ದಿನ ತಾತ ಆಚೆ ಕಣಿವೆಯಲ್ಲಿ ಮೊಮ್ಮಗಳ ನಾಮಕರಣದಲ್ಲಿದ್ದನಂತೆ. ವಿಚಾರಿಸಿದರೆ ಊರಿಗೆ ಊರೇ ಹೌದೆಂದಿತು. ತಾತನ ಬಿಡುಗಡೆಯಾಯಿತು. ಮಿಕಾಯೆಲಾಳಿಗೆ ನ್ಯಾಯಾಧೀಶರು ಚೆನ್ನಾಗಿಯೇ ಉಗಿದರು, ಕೆಲಸದಿಂದ ಮಾತ್ರ ತೆಗೆಯಲಿಲ್ಲ.

ಜೈಲಿನ ಬಾಗಿಲಿಗೆ ಅವಳೇ ಹೋಗಿದ್ದಳು. ಹೊರಗೆ ಬಂದ ತಾತನ ಕೈ ಹಿಡಿದು, ಬಸ್ಸು ಹೊರಡುತ್ತೆ ನಡೀರಿ ಎಂದು ಅವಸರಪಡಿಸಿದಳು. ತಾತ ಕದಲಲಿಲ್ಲ. ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದ.

"ಒಳಗೆ ನಮ್ಮೋರು ಇನ್ನೂ ಮೂರು ಜನ ಇದಾರಮ್ಮ," ಎಂದ. "ಅವ್ರೂ ಭಾಳ ಮರ್ಯಾದಸ್ಥರು."